ಹಾಯಿದೋಣಿ ಮಿತಿಮೀರಿ ವಾಲಿದಾಗ: ಕಾರಣ ಪತ್ತೆಹಚ್ಚುವ ಕ್ರಮ

ಡಿಂಗಿ ಎಂದು ಕರೆಯುವ ಸಣ್ಣ ಹಾಯಿದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲುವುದು ಸಹಜ. ಅದು ಎಷ್ಟು ವಾಲಿದರೆ ಸರಿ, ಎಲ್ಲಿಂದಾಚೆಗೆ ದೋಷ, ದೋಷವಾದರೆ ಅದರ ಮೂಲ ಹಾಯಿಯಲ್ಲಿದೆಯೋ, ಕೂತವರ ತೂಕದಲ್ಲಿದೆಯೋ ಅಥವಾ ದೋಣಿಯ ಒಡಲಿನಲ್ಲೇ ಇದೆಯೋ ಎಂಬುದನ್ನು ಆದಷ್ಟು ನೀರಿನ ಮೇಲಿದ್ದುಕೊಂಡೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದೆ. ಅಳತೆಗಳನ್ನು ಲೇಸರ್ ದೋಣಿಗೆ, ಅಂದರೆ ಈಗ ಐಎಲ್‌ಸಿಎ ಎಂಬ ಹೆಸರಿನಲ್ಲಿರುವ ಒಬ್ಬರೇ ನಡೆಸುವ ದೋಣಿಗೆ, ಹೊಂದುವಂತೆ ಕೊಟ್ಟಿದೆ. ಸನ್ನಿವೇಶಗಳು ಗೊರೂರಿನ ಹೇಮಾವತಿ ಹಿನ್ನೀರು ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯದಂಥ ನಮ್ಮ ಭಾಗದ ನೀರಿನವು. ಜಲಾಶಯಕ್ಕೆ ದೋಣಿ ಇಳಿಸುವ ಮೊದಲು ಅದರ ಉಸ್ತುವಾರಿ ಹೊತ್ತ ಇಲಾಖೆಯ ಅನುಮತಿ ಪಡೆದಿರಬೇಕು, ಮೈಮೇಲೆ ಲೈಫ್ ಜಾಕೆಟ್ ಇರಬೇಕು, ಮಳೆಗಾಲದಲ್ಲಿ ಕ್ರೆಸ್ಟ್ ಗೇಟ್ ತೆರೆದಿದ್ದರೆ ಅಣೆಕಟ್ಟೆಯ ಕಡೆಗೆ ಸುಳಿಯಲೇಬಾರದು. ಇವು ಚರ್ಚೆಯ ವಿಷಯಗಳಲ್ಲ.

ವಾಲುವುದನ್ನೇ ರೋಗವೆಂದು ಭಾವಿಸಿ ಚಿಕಿತ್ಸೆಗೆ ಹೊರಡುವವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ಚುಕ್ಕಾಣಿಯನ್ನು ಬಲವಾಗಿ ಎಳೆದು ಹಿಡಿಯುತ್ತಾರೆ, ಇಲ್ಲವೇ ಭಯದಿಂದ ಹಾಯಿಯ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಎರಡೂ ದೋಣಿಯನ್ನು ಮಗುಚುವುದಕ್ಕೆ ನೆರವಾಗುತ್ತವೆ. ವಾಲುವುದು ಲಕ್ಷಣ ಮಾತ್ರ. ಒಂದೇ ಕೋನಕ್ಕೆ ವಾಲಿದ ಎರಡು ದೋಣಿಗಳ ಕಾರಣ ಬೇರೆ ಬೇರೆಯಾಗಿದ್ದು, ಒಂದಕ್ಕೆ ಮಾಡಬೇಕಾದ ಉಪಾಯ ಇನ್ನೊಂದಕ್ಕೆ ಅಪಾಯವಾಗಬಹುದು.

ಕೋನವನ್ನು ಸರಿಯಾಗಿ ಅಂದಾಜಿಸುವುದು

ಮೊದಲು ದೋಣಿ ನಿಜವಾಗಿ ಎಷ್ಟು ವಾಲಿದೆ ಎಂಬುದು ತಿಳಿಯಬೇಕು. ಸಮುದ್ರದಲ್ಲಿ ಕಲಿತವರು ದಿಗಂತವನ್ನು ನೋಡಿ ಅಂದಾಜು ಮಾಡುತ್ತಾರೆ. ಅಲ್ಲಿ ದಿಗಂತ ನೇರವಾದ ಗೆರೆ. ಲಕ್ಕವಳ್ಳಿಯಲ್ಲಿ ಹಾಗಲ್ಲ. ಸುತ್ತಲೂ ಗುಡ್ಡಗಳ ಸಾಲು ಇಳಿಜಾರಾಗಿ ನೀರಿಗೆ ಬರುತ್ತದೆ, ಕಣ್ಣು ತನಗೆ ಅರಿವಿಲ್ಲದೆಯೇ ಆ ಇಳಿಜಾರಿಗೆ ದೋಣಿಯನ್ನು ಹೋಲಿಸಿಕೊಳ್ಳುತ್ತದೆ. ಗುಡ್ಡ ಎಡಕ್ಕೆ ಇಳಿದಿದ್ದರೆ ನೆಟ್ಟಗಿರುವ ದೋಣಿಯೂ ಬಲಕ್ಕೆ ವಾಲಿದಂತೆ ಅನ್ನಿಸುವುದುಂಟು. ಆದ್ದರಿಂದ ಗುಡ್ಡದ ನೆತ್ತಿಯನ್ನು ನೋಡದೆ, ಎದುರು ದಡದಲ್ಲಿ ನೀರೂ ಮಣ್ಣೂ ಕೂಡುವ ಗೆರೆಯನ್ನು ನೋಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಮಣ್ಣಿನ ಮೇಲೆ ಉಳಿಯುವ ಪಟ್ಟೆಗಳು ಹಿಂದಿನ ನೀರಿನ ಮಟ್ಟಗಳೇ ಆಗಿರುವುದರಿಂದ ಇನ್ನೂ ಒಳ್ಳೆಯ ಗುರುತು. ಗೊರೂರಿನ ಹಿನ್ನೀರು ಹೆಚ್ಚು ಬಯಲಾದ್ದರಿಂದ ಅಲ್ಲಿ ಈ ತೊಂದರೆ ಕಡಿಮೆ.

ಅಂದಾಜನ್ನು ಅಳತೆಗೆ ಹೊಂದಿಸಿಕೊಳ್ಳುವುದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಲೇಸರ್ ದೋಣಿಯ ಅಗಲ ಸುಮಾರು 137 ಸೆಂಟಿಮೀಟರ್. ಅದು 5 ಡಿಗ್ರಿ ವಾಲಿದರೆ ಎರಡು ಅಂಚುಗಳ ಎತ್ತರದಲ್ಲಿ 12 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. 10 ಡಿಗ್ರಿಗೆ 24, 20 ಡಿಗ್ರಿಗೆ 47. ದಡದ ಬಳಿ ಮೊಣಕಾಲುದ್ದ ನೀರಿನಲ್ಲಿ ಹಾಯಿ ಏರಿಸದೆ ಒಬ್ಬರು ದೋಣಿಯಲ್ಲಿ ಕೂತು, ಇನ್ನೊಬ್ಬರು ಅಂಚನ್ನು ಒತ್ತಿ ಹಿಡಿದು, ಒಂದು ದಾರಕ್ಕೆ ನಟ್ಟು ಕಟ್ಟಿ ಹಾಯಿ ಹೊತ್ತು ನಿಲ್ಲುವ ಕಂಬದ, ಅಂದರೆ ಮಾಸ್ಟಿನ, ಪಕ್ಕದಲ್ಲಿ ತೂಗಬಿಟ್ಟು ನೋಡಿದರೆ ಪ್ರತಿ ಕೋನವೂ ಮೈಗೆ ಹೇಗೆ ಅನ್ನಿಸುತ್ತದೆ ಎಂಬುದು ಗೊತ್ತಾಗುತ್ತದೆ. ದಾರ ಮಾಸ್ಟಿನ ಬುಡಕ್ಕಿಂತ ಒಂದು ಮೀಟರ್ ಮೇಲಿಂದ ತೂಗುತ್ತಿದ್ದರೆ, ನಟ್ಟು ಮಾಸ್ಟಿನಿಂದ 17 ಸೆಂಟಿಮೀಟರಿನಷ್ಟು ಸರಿದಾಗ ಹತ್ತಿರಹತ್ತಿರ 10 ಡಿಗ್ರಿ. ಹೊಸಬರು ಈ 10 ಡಿಗ್ರಿಯನ್ನೇ 25 ಎಂದು ಹೇಳುವುದು ಸಾಮಾನ್ಯ. ಹೊಸಬರಷ್ಟೇ ಅಲ್ಲ, ಹೆದರಿದ ಹಳಬರೂ ಹಾಗೆಯೇ ಹೇಳುತ್ತಾರೆ.

ಟಿಲ್ಲರ್ ಕೊಡುವ ಸುಳಿವು

ಟಿಲ್ಲರ್ ಎಂದರೆ ಚುಕ್ಕಾಣಿಯನ್ನು ತಿರುಗಿಸುವ ಹಿಡಿಕೆ. ಕಣ್ಣಿಗಿಂತ ಕೈ ಹೆಚ್ಚು ನಂಬಿಕಸ್ಥ. ದೋಣಿ ಗಾಳಿ ಹೋಗುವ ಮಗ್ಗುಲಿಗೆ ವಾಲಿದಾಗ ನೀರಿನೊಳಗಿನ ಒಡಲಿನ ಆಕಾರ ಎರಡೂ ಕಡೆ ಒಂದೇ ಆಗಿರುವುದಿಲ್ಲ. ಹಾಯಿಯ ಎಳೆತವೂ ದೋಣಿಯ ಮಧ್ಯರೇಖೆಯಿಂದ ಹೊರಕ್ಕೆ ಸರಿದಿರುತ್ತದೆ. ಎರಡೂ ಸೇರಿ ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಲು ನೋಡುತ್ತವೆ. ಆಗ ಗಾಳಿ ಬರುವ ಮಗ್ಗುಲಲ್ಲಿ ಕೂತವರ ಕೈಯಿಂದ ಟಿಲ್ಲರ್ ಆಚೆಗೆ ಎಳೆದುಕೊಂಡು ಹೋಗುತ್ತದೆ, ನೇರ ಸಾಗಬೇಕಾದರೆ ಅದನ್ನು ತಮ್ಮ ಕಡೆಗೆ ಜಗ್ಗಿ ಹಿಡಿಯಬೇಕಾಗುತ್ತದೆ. ದೋಣಿ ಗಾಳಿ ಬರುವ ಮಗ್ಗುಲಿಗೇ ವಾಲಿದ್ದರೆ ಇದೆಲ್ಲ ತಿರುವುಮುರುವಾಗುತ್ತದೆ.

ಗಾಳಿಗೆದುರಾಗಿ ಓರೆಯಲ್ಲಿ ಸಾಗುವಾಗ ಎರಡು ಬೆರಳಲ್ಲಿ ಹಿಡಿಯಬಹುದಾದಷ್ಟು ಹಗುರವಾದ ಎಳೆತ ಇರುವುದು ಒಳ್ಳೆಯದು. ಟಿಲ್ಲರಿನ ತುದಿ ಮಧ್ಯರೇಖೆಯಿಂದ ನಾಲ್ಕು ಬೆರಳಿನಷ್ಟು ಕೂತವರ ಕಡೆಗೆ ಸರಿದಿದ್ದರೆ ಚಿಂತೆಯಿಲ್ಲ. ಅದು ಒಂದು ಗೇಣು ದಾಟಿದರೆ ಚುಕ್ಕಾಣಿಯ ಅಲಗು ನೀರಿಗೆ ಅಡ್ಡ ನಿಂತು ಬ್ರೇಕ್ ಹಾಕುತ್ತಿದೆ ಎಂದೇ ತಿಳಿಯಬೇಕು. 20 ಡಿಗ್ರಿ ವಾಲಿದ ದೋಣಿ ವೇಗವಾಗಿ ಹೋಗುತ್ತಿರುವಂತೆ ಕಂಡರೂ ನಿಧಾನವಾಗಿರುವುದಕ್ಕೆ ಮುಖ್ಯ ಕಾರಣ ಇದೇ. ಸದ್ದೂ ಎರಚುವ ನೀರೂ ಹೆಚ್ಚಾಗಿದ್ದಕ್ಕೆ ವೇಗದ ಭ್ರಮೆಯಾಗುತ್ತದೆ, ಅಷ್ಟೆ.

ಇಲ್ಲಿ ದಾರಿ ತಪ್ಪಿಸುವ ಎರಡು ಸಂಗತಿಗಳಿವೆ. ಚುಕ್ಕಾಣಿಯ ಅಲಗು ಪೂರ್ತಿ ಕೆಳಗಿಳಿಯದೆ ಹಿಂದಕ್ಕೆ ಓರೆಯಾಗಿ ನಿಂತಿದ್ದರೆ, ದೋಣಿ ನೆಟ್ಟಗಿದ್ದಾಗಲೂ ಟಿಲ್ಲರ್ ಭಾರವಾಗಿರುತ್ತದೆ. ದಡದಿಂದ ಹೊರಟ ಮೇಲೆ ಅಲಗು ಇಳಿಸುವ ಹಗ್ಗವನ್ನು ಬಿಗಿದು ಕಟ್ಟುವುದನ್ನು ಮರೆತಾಗ ಹೀಗಾಗುತ್ತದೆ. ಇನ್ನೊಂದು, ನೀರಿನ ಜೊಂಡು ಅಲಗಿಗೋ, ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ಹಲಗೆಯಾದ ಡ್ಯಾಗರ್‌ಬೋರ್ಡಿಗೋ ಸುತ್ತಿಕೊಳ್ಳುವುದು. ಹಾಗಾಗಿ ಟಿಲ್ಲರ್ ಭಾರವೆನಿಸಿದ ಕೂಡಲೇ ಹಿಂದೆ ಬಾಗಿ ಅಲಗನ್ನೊಮ್ಮೆ ನೋಡಿ, ಅದು ಸರಿಯಿದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಬೇಕು.

ಹಗ್ಗ ಬಿಟ್ಟು ನೋಡುವ ಪರೀಕ್ಷೆ

ಕಾರಣ ಹಾಯಿಯಲ್ಲಿದೆಯೋ ಒಡಲಿನಲ್ಲಿದೆಯೋ ಎಂದು ಬೇರ್ಪಡಿಸುವ ಪರೀಕ್ಷೆ ಒಂದೇ. ಹಾಯಿಯನ್ನು ಹಿಡಿದಿಡುವ ಶೀಟ್ ಹಗ್ಗವನ್ನು ಪೂರ್ತಿ ಸಡಿಲಿಸಿ, ಜೊತೆಗೆ ದೋಣಿಯನ್ನು ಸ್ವಲ್ಪ ಗಾಳಿಯ ಕಡೆಗೆ ತಿರುಗಿಸಿ, ಹಾಯಿ ಬಾವುಟದಂತೆ ಪಟಪಟನೆ ಬಡಿದುಕೊಳ್ಳಲು ಬಿಡಬೇಕು. ಬರಿದೆ ಹಗ್ಗ ಬಿಟ್ಟರೆ ಸಾಲದು. ಬಹಳ ವಾಲಿದ ದೋಣಿಯಲ್ಲಿ ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡಕೋಲಾದ ಬೂಮಿನ ತುದಿ ನೀರಿಗೆ ತಾಗಿ, ಹಾಯಿ ಹೊರಗೆ ಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಳಿ ಬೆನ್ನಿಗಿರುವಾಗ ಈ ಪರೀಕ್ಷೆ ಮಾಡಬಾರದು. ಮಾಸ್ಟಿಗೆ ಪಕ್ಕದ ತಂತಿಗಳಿರುವ ಎಂಟರ್‌ಪ್ರೈಸ್‌ನಂಥ ದೋಣಿಯಲ್ಲಿ ಆಗ ಬೂಮ್ ತಂತಿಗೆ ತಾಗಿ ನಿಲ್ಲುವುದರಿಂದ ಹಾಯಿ ಖಾಲಿಯಾಗುವುದೇ ಇಲ್ಲ.

ನಡೆಸುವವರು ದೋಣಿಯ ನಡುವಿಗೆ ಸರಿದು, ಹತ್ತು ಸೆಕೆಂಡು ಕಾಯಬೇಕು. ದೋಣಿ ಚುರುಕಾಗಿ ನೆಟ್ಟಗಾದರೆ ದೋಷ ಹಾಯಿ, ಗಾಳಿ ಮತ್ತು ತೂಕದ ಲೆಕ್ಕದಲ್ಲಿದೆ. ನಿಧಾನವಾಗಿ ಎದ್ದು, ಇನ್ನೊಂದು ಮಗ್ಗುಲಿಗೂ ಮೆಲ್ಲಗೆ ಉರುಳಿ, ಅಲ್ಲೇ ಉಳಿಯಲು ನೋಡಿದರೆ ಒಡಲಿನೊಳಗೆ ನೀರು ಸೇರಿದೆ. ಈ ಎರಡನ್ನೂ ಬೇರೆಬೇರೆಯಾಗಿ ನೋಡೋಣ.

ನೆಟ್ಟಗಾದರೆ: ಗಾಳಿ, ತೂಕ, ಹಾಯಿ

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ಗಾಳಿ 10 ನಾಟ್‌ನಿಂದ 14 ನಾಟ್‌ಗೆ ಏರಿದರೆ ಹಾಯಿಯ ಮೇಲಿನ ಬಲ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 20 ನಾಟ್‌ಗೆ ಏರಿದರೆ ನಾಲ್ಕು ಪಟ್ಟು. ಇದಕ್ಕೆದುರಾಗಿ ನಿಲ್ಲುವುದು ಕೂತವರ ಮೈತೂಕ ಮಾತ್ರ. 60 ಕಿಲೋ ತೂಕದವರು ತಮ್ಮ ಭಾರ ಮಧ್ಯರೇಖೆಯಿಂದ ಅರ್ಧ ಮೀಟರ್ ದೂರದಲ್ಲಿ ಬೀಳುವಂತೆ ಕೂತರೆ ಸಿಗುವ ಪ್ರತಿಬಲ, ಕಾಲನ್ನು ಪಟ್ಟಿಗೆ ಸಿಕ್ಕಿಸಿ ಮೈಯನ್ನು ಹೊರಚಾಚಿ ಆ ದೂರವನ್ನು ಒಂದು ಮೀಟರ್ ಮಾಡಿಕೊಂಡಾಗ ಇಮ್ಮಡಿಯಾಗುತ್ತದೆ. ಅದರಾಚೆಗೆ ಮೈಯಲ್ಲಿ ಇನ್ನೇನೂ ಉಳಿದಿರುವುದಿಲ್ಲ. ಹೇಮಾವತಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಅಷ್ಟು ಎತ್ತರದಲ್ಲಿ ಗಾಳಿ ಕಡಲತೀರಕ್ಕಿಂತ ಸುಮಾರು ಶೇ 8ರಷ್ಟು ತೆಳುವಾಗಿರುತ್ತದೆ. ಪುಸ್ತಕದಲ್ಲಿ ಓದಿದ ಗಾಳಿಯ ಮಿತಿಗಳಿಗಿಂತ ಇಲ್ಲಿ ಒಂದಿಷ್ಟು ವಿನಾಯಿತಿ ಸಿಗುತ್ತದೆ, ಆದರೆ ಅದನ್ನು ನಂಬಿಕೊಂಡು ಹೊರಡುವಷ್ಟಲ್ಲ.

ದೋಣಿ ಇಡೀ ಹೊತ್ತು ವಾಲಿಯೇ ಇದೆಯೋ, ಗಾಳಿಯ ಹೊಡೆತ ಬಂದಾಗ ಮಾತ್ರ ವಾಲುತ್ತದೆಯೋ ಎಂಬುದು ಮುಂದಿನ ಪ್ರಶ್ನೆ. ಹೊಡೆತಕ್ಕೆ ಮಾತ್ರ ವಾಲಿದರೆ ದೋಷ ಕೈ ಮತ್ತು ಕಣ್ಣಿನದು. ಹೊಡೆತ ಬರುವುದು ನೀರಿನ ಮೇಲೆ ಮೊದಲೇ ಕಾಣುತ್ತದೆ: ಸಣ್ಣ ಅಲೆಗಳೆದ್ದು ಆ ಜಾಗ ಕಪ್ಪಾಗುತ್ತದೆ. ಜುಲೈ ಆಗಸ್ಟ್‌ನಲ್ಲಿ ಹೇಮಾವತಿ ಕೆಂಪು ನೀರು ಹೊತ್ತು ತರುವಾಗ ಈ ಕಪ್ಪು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಆಗ ನೀರಿನ ಹೊಳಪು ಮಾಸಿ ಒರಟಾಗುವ ತೇಪೆಯನ್ನು ಹುಡುಕಬೇಕು. ಭದ್ರಾ ಹಿನ್ನೀರಿನಲ್ಲಿ ದ್ವೀಪವೊಂದರ ಅಥವಾ ಗುಡ್ಡದ ಮೂಗಿನ ಮರೆಯಿಂದ ಹೊರಬಿದ್ದ ಕೂಡಲೇ ಗಾಳಿ ಒಮ್ಮೆಲೇ ಬಡಿಯುತ್ತದೆ, ಅದೂ ಬೇರೆಯೇ ದಿಕ್ಕಿನಿಂದ. ಅಂಥ ಕಡೆ ಮರೆಯಲ್ಲಿರುವಾಗಲೇ ಅಂಚಿಗೆ ಸರಿದು, ಹಗ್ಗವನ್ನು ಅದನ್ನು ಕಚ್ಚಿ ಹಿಡಿಯುವ ಕ್ಲೀಟಿನಿಂದ ಬಿಡಿಸಿ ಕೈಯಲ್ಲಿ ಹಿಡಿದಿರಬೇಕು. ಹೆಚ್ಚು ಗಾಳಿಯಲ್ಲಿ ಹಗ್ಗವನ್ನು ಕ್ಲೀಟಿಗೆ ಸಿಕ್ಕಿಸಿ ಆರಾಮವಾಗಿ ಕೂರುವ ಅಭ್ಯಾಸವೇ, ನನ್ನ ಅಭಿಪ್ರಾಯದಲ್ಲಿ, ಬೇರೆಲ್ಲ ಕಾರಣಗಳನ್ನು ಸೇರಿಸಿದರೂ ಅದಕ್ಕಿಂತ ಹೆಚ್ಚು ದೋಣಿಗಳನ್ನು ಮಗುಚಿದೆ.

ಹೊಡೆತ ತಾಗಿದ ಕ್ಷಣದಲ್ಲಿ ಮಾಡಬೇಕಾದದ್ದಕ್ಕೆ ಕ್ರಮವಿದೆ. ಹಗ್ಗವನ್ನು ಒಂದೆರಡು ಗೇಣು ಸಡಿಲಿಸುವುದು ಮೊದಲು, ಮೈಯನ್ನು ಹೊರಚಾಚುವುದು ಅದರ ಜೊತೆಜೊತೆಗೇ, ದೋಣಿ ನೆಟ್ಟಗಾದ ಮೇಲೆ ಹಗ್ಗವನ್ನು ಮತ್ತೆ ಒಳಗೆ ಎಳೆದುಕೊಳ್ಳುವುದು ಕೊನೆಗೆ. ದೋಣಿ ವಾಲಿದ ಮೇಲೆ ಸಡಿಲಿಸಿದರೆ ತಡವಾಯಿತು. ವಾಲಲು ಆರಂಭಿಸಿದಾಗ ಒಂದು ಗೇಣು ಬಿಟ್ಟದ್ದು, ವಾಲಿದ ಮೇಲೆ ಒಂದು ಮಾರು ಬಿಟ್ಟದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಗಾಳಿಗೆದುರಾಗಿ ಓರೆಯಲ್ಲಿ ಸಾಗುತ್ತಿದ್ದರೆ ಮೂತಿಯನ್ನು ತುಸು ಗಾಳಿಯ ಕಡೆಗೆ ಬಿಟ್ಟುಕೊಟ್ಟು, ಹಾಯಿಯ ಮುಂಭಾಗದ ಅಂಚು ಸ್ವಲ್ಪ ನಡುಗುವಂತೆ ಮಾಡಿಯೂ ಬಲ ಕಡಿಮೆ ಮಾಡಿಕೊಳ್ಳಬಹುದು. ಗಾಳಿ ಅಡ್ಡಲಾಗಿ ಬೀಸುವಾಗ ಮಾತ್ರ ಇದು ತಿರುಗುಬಾಣ. ಆಗ ಹಗ್ಗ ಸಡಿಲಿಸುತ್ತಲೇ ಮೂತಿಯನ್ನು ಗಾಳಿಯಿಂದ ದೂರಕ್ಕೆ ತಿರುಗಿಸಿ ಹೊಡೆತದ ಜೊತೆಗೇ ಓಡಬೇಕು.

ಮೈಯನ್ನು ಪೂರ್ತಿ ಹೊರಚಾಚಿ, ಹಗ್ಗವನ್ನೂ ಸಡಿಲಿಸಿಕೊಂಡೇ ಸಾಗುತ್ತಿದ್ದರೂ ದೋಣಿ ಇಡೀ ಹೊತ್ತು 15 ಡಿಗ್ರಿಗಿಂತ ಹೆಚ್ಚು ವಾಲಿಯೇ ಇದ್ದರೆ ಹಾಯಿಯ ಹೊಂದಾಣಿಕೆ ತಪ್ಪಿದೆ. ಮೊದಲು ನೋಡಬೇಕಾದದ್ದು ಕಿಕ್ಕರ್, ಅಂದರೆ ಬೂಮನ್ನು ಕೆಳಕ್ಕೆ ಎಳೆದು ಹಿಡಿಯುವ ಹಗ್ಗ. ಅದು ಸಡಿಲವಿದ್ದರೆ ಶೀಟ್ ಹಗ್ಗ ಬಿಟ್ಟ ಕೂಡಲೇ ಬೂಮ್ ಹೊರಕ್ಕೆ ಹೋಗುವ ಬದಲು ಮೇಲಕ್ಕೇಳುತ್ತದೆ, ಹಾಯಿಯ ಹೊಟ್ಟೆ ಇನ್ನಷ್ಟು ಉಬ್ಬಿಕೊಳ್ಳುತ್ತದೆ, ಬಿಟ್ಟದ್ದಕ್ಕೆ ಫಲವೇ ಇಲ್ಲದಂತಾಗುತ್ತದೆ. ಕಿಕ್ಕರ್ ಬಿಗಿದಾಗ ಮಾಸ್ಟ್ ಬಾಗಿ ಹಾಯಿ ಚಪ್ಪಟೆಯಾಗುತ್ತದೆ. ನಂತರ ಮಾಸ್ಟಿನ ಉದ್ದಕ್ಕೆ ಹಾಯಿಯನ್ನು ಕೆಳಕ್ಕೆ ಜಗ್ಗುವ ಕನ್ನಿಂಗ್‌ಹ್ಯಾಮ್ ಹಗ್ಗವನ್ನು ಬಿಗಿಯಬೇಕು. ಇದರಿಂದ ಹಾಯಿಯ ಉಬ್ಬು ಮುಂದಕ್ಕೆ ಸರಿದು, ಹಿಂಭಾಗದ ಅಂಚು ಮೇಲ್ಭಾಗದಲ್ಲಿ ತೆರೆದುಕೊಂಡು, ಎತ್ತರದಲ್ಲಿರುವ ಗಾಳಿ ಜಾರಿ ಹೋಗುತ್ತದೆ. ವಾಲಿಸುವ ಬಲದಲ್ಲಿ ಮೇಲ್ಭಾಗದ ಪಾಲೇ ದೊಡ್ಡದು, ಏಕೆಂದರೆ ಅದರ ಸನ್ನೆಯ ಉದ್ದ ಹೆಚ್ಚು. ಬೂಮಿನುದ್ದಕ್ಕೆ ಹಾಯಿಯನ್ನು ಹಿಗ್ಗಿಸುವ ಔಟ್‌ಹಾಲ್ ಕೊನೆಯದು. ದಡದ ಮೇಲೆಯೇ ಈ ಮೂರನ್ನೂ ಒಮ್ಮೆ ಬಿಗಿದು, ಹಗ್ಗದ ಮೇಲೆ ಅಳಿಸದ ಶಾಯಿಯ ಗುರುತು ಹಾಕಿಕೊಂಡರೆ ನೀರಿನಲ್ಲಿ ಊಹಿಸುವ ಕಷ್ಟ ತಪ್ಪುತ್ತದೆ. ಗಾಳಿ ಕಡಿಮೆಯಾದಾಗ ಅದೇ ಗುರುತಿನಿಂದ ಹಿಂದಕ್ಕೆ ಬಿಡುವುದನ್ನೂ ಮರೆಯಬಾರದು.

ಇಷ್ಟಾದರೂ ಸಾಲದಿದ್ದರೆ ಡ್ಯಾಗರ್‌ಬೋರ್ಡನ್ನು ಹತ್ತು ಹದಿನೈದು ಸೆಂಟಿಮೀಟರ್ ಮೇಲಕ್ಕೆತ್ತಬಹುದು. ನೀರಿನೊಳಗಿನ ಹಿಡಿತ ತುಸು ಕಡಿಮೆಯಾಗಿ, ಹೊಡೆತ ಬಂದಾಗ ದೋಣಿ ಮಗುಚುವ ಬದಲು ಸ್ವಲ್ಪ ಅಡ್ಡಕ್ಕೆ ಜಾರುತ್ತದೆ. ಕೆಲವರು ಇದೇ ಸುಲಭವೆಂದು ಅರ್ಧಕ್ಕಿಂತ ಹೆಚ್ಚು ಎತ್ತಿಬಿಡುತ್ತಾರೆ. ವಾಲುವುದು ನಿಂತಿತೆಂದು ಸಂತೋಷಪಡುವಷ್ಟರಲ್ಲಿ ದೋಣಿ ಗಾಳಿಗೆದುರಾಗಿ ಒಂದಡಿಯೂ ಮುಂದುವರಿಯದೆ ದಡದತ್ತ ಜಾರುತ್ತಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚುಗಳಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿರುವುದರಿಂದ ಬೋರ್ಡನ್ನು ಎತ್ತಿಕೊಂಡೇ ಹೋಗಬೇಕಾಗುತ್ತದೆ, ಆದರೆ ಅದು ಬೇರೆ ಲೆಕ್ಕ.

ಮೈತೂಕವೇ ಕಡಿಮೆಯಿರುವವರಿಗೆ ಈ ಹೊಂದಾಣಿಕೆಗಳಿಂದ ಪೂರ್ತಿ ಪರಿಹಾರ ಸಿಗುವುದಿಲ್ಲ, ಹಾಯಿಯನ್ನೇ ಬದಲಿಸಬೇಕು. ಐಎಲ್‌ಸಿಎಯ ಒಡಲು ಒಂದೇ ಆದರೂ ಹಾಯಿ ಮೂರು ಅಳತೆಯದು: ಐಎಲ್‌ಸಿಎ 7ರಲ್ಲಿ 7.06 ಚದರ ಮೀಟರ್, 6ರಲ್ಲಿ 5.76, 4ರಲ್ಲಿ 4.7. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಭಾರತದ ವಿಷ್ಣು ಸರವಣನ್ ಕಂಚು ಗೆದ್ದದ್ದು 7ರಲ್ಲಿ, ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು 4ರಲ್ಲಿ. ಚಿಕ್ಕ ಹಾಯಿಯನ್ನು ಕಲಿಯುವವರ ಹಾಯಿ ಎಂದು ಮೂಗು ಮುರಿಯುವವರಿಗೆ ಇಷ್ಟು ಹೇಳಿದರೆ ಸಾಕು.

ಗಾಳಿ ಬೆನ್ನಿಗಿರುವಾಗ ತೂಗಾಡಿದರೆ

ಇಲ್ಲಿ ದೋಣಿ ಒಂದೇ ಕಡೆ ವಾಲದೆ ಎರಡೂ ಮಗ್ಗುಲಿಗೆ ತೂಗಾಡಿ, ಪ್ರತಿ ಸಲವೂ ಹೆಚ್ಚುತ್ತಾ ಹೋಗಿ, ಕೊನೆಗೆ ಗಾಳಿ ಬರುವ ಮಗ್ಗುಲಿಗೇ ಬೀಳುತ್ತದೆ. ಕಾರಣ ಹೆಚ್ಚಾಗಿ ಎರಡು: ಬೂಮನ್ನು ದೋಣಿಗೆ ಲಂಬಕೋನಕ್ಕಿಂತ ಮುಂದಕ್ಕೆ ಬಿಟ್ಟಿರುವುದು, ಮತ್ತು ಕಿಕ್ಕರ್ ಸಡಿಲವಾಗಿದ್ದು ಹಾಯಿಯ ಮೇಲ್ಭಾಗ ಇನ್ನೂ ಮುಂದಕ್ಕೆ ತಿರುಚಿಕೊಂಡಿರುವುದು. ಆಗ ಹಾಯಿಯ ತುದಿ ಮಾಸ್ಟನ್ನು ಗಾಳಿಯ ಕಡೆಗೇ ತಳ್ಳುತ್ತದೆ. ಹಿಂದಿನ ಭಾಗದಲ್ಲಿ ಹೇಳಿದ್ದಕ್ಕೆ ಇಲ್ಲಿ ಪರಿಹಾರ ತದ್ವಿರುದ್ಧ. ಹಗ್ಗವನ್ನು ಬಿಡಬಾರದು, ಬೇಗಬೇಗ ಒಳಕ್ಕೆಳೆದುಕೊಳ್ಳಬೇಕು. ಟಿಲ್ಲರನ್ನು ಬೂಮಿನ ಕಡೆಗೆ ಮೆಲ್ಲಗೆ ಒತ್ತಿ ಮೂತಿಯನ್ನು ಸ್ವಲ್ಪ ಗಾಳಿಯ ಕಡೆಗೆ ತರಬೇಕು. ತೂಕವನ್ನು ನಡುವಿಗೆ ತರಬೇಕು. ಡ್ಯಾಗರ್‌ಬೋರ್ಡನ್ನು ಪೂರ್ತಿ ಮೇಲೆತ್ತಿದ್ದರೆ ಅರ್ಧ ಇಳಿಸಿದಾಗ ತೂಗಾಟ ತಗ್ಗುತ್ತದೆ. ಕಿಕ್ಕರನ್ನು ಗಾಳಿಯನ್ನು ಬೆನ್ನಿಗೆ ತೆಗೆದುಕೊಳ್ಳುವ ಮೊದಲೇ ಸರಿಮಾಡಿಕೊಂಡಿರಬೇಕು, ತೂಗಾಡುವಾಗ ಅದಕ್ಕೆ ಕೈ ಹಾಕಲು ಪುರುಸೊತ್ತಿರುವುದಿಲ್ಲ.

ಗಾಳಿ ತೀರಾ ಕಡಿಮೆಯಿದ್ದಾಗ

ಬೆಳಗಿನ ಹೊತ್ತು ಗಾಳಿ ಸತ್ತಂತಿರುವಾಗ ದೋಣಿಯನ್ನು ಬೇಕೆಂದೇ ಗಾಳಿ ಹೋಗುವ ಮಗ್ಗುಲಿಗೆ 5ರಿಂದ 10 ಡಿಗ್ರಿ ವಾಲಿಸಿ ಕೂರುವುದು ಸರಿಯಾದ ಕ್ರಮ. ಒಡಲಿನ ಹೆಚ್ಚು ಭಾಗ ನೀರಿನಿಂದ ಮೇಲೇಳುತ್ತದೆ, ಹಾಯಿ ತನ್ನ ಭಾರಕ್ಕೇ ಜೋತು ಆಕಾರ ಪಡೆಯುತ್ತದೆ. ಇದನ್ನು ದೋಷವೆಂದು ಎಣಿಸಿ ತಿದ್ದಬೇಕಿಲ್ಲ.

ನೆಟ್ಟಗಾಗದಿದ್ದರೆ: ಒಡಲಿನೊಳಗಿನ ನೀರು

ಹಾಯಿ ಖಾಲಿಯಾದರೂ ದೋಣಿ ಸೋಮಾರಿಯಾಗಿ ಉರುಳುತ್ತಿದ್ದರೆ ಮೇಲಿನ ಯಾವ ಉಪಾಯವೂ ಫಲಿಸುವುದಿಲ್ಲ. ಮುಚ್ಚಿದ ಒಡಲಿನೊಳಗೆ ಒಂದು ಬಕೆಟ್ ನೀರು ಸೇರಿದರೂ ದೋಣಿ ಯಾವ ಕಡೆ ವಾಲುತ್ತದೋ ನೀರು ಅದೇ ಕಡೆ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ತುಂಬಿದ ತಟ್ಟೆ ಹಿಡಿದು ನಡೆಯುವವರಿಗೆ ಇದರ ಅನುಭವವಿರುತ್ತದೆ. ಮೂತಿಯನ್ನು ಮೇಲಕ್ಕೂ ಕೆಳಕ್ಕೂ ಕುಲುಕಿದಾಗ ಒಳಗಿನಿಂದ ಸಳಸಳ ಸದ್ದು ಬಂದರೆ ಸಂಶಯವೇ ಬೇಡ. ಇಂಥ ದೋಣಿಯನ್ನು ಮತ್ತೆ ಗಾಳಿಗೆ ಒಡ್ಡದೆ ಹತ್ತಿರದ ದಡಕ್ಕೆ ತರಬೇಕು, ಏಕೆಂದರೆ ಮಗುಚಿದರೆ ಅದನ್ನು ನೀರಿನಲ್ಲಿ ಎತ್ತಿ ನಿಲ್ಲಿಸುವುದು ಬಹಳ ಕಷ್ಟ.

ದಡದಲ್ಲಿ ಹಿಂಭಾಗದ ಬಿರಡೆಯನ್ನು ಬಿಚ್ಚಿ, ಮೂತಿಯನ್ನು ಎತ್ತರದಲ್ಲಿಟ್ಟು, ಬರುವ ನೀರನ್ನು ಬಕೆಟ್ಟಿಗೆ ಹಿಡಿದು ಅಳೆಯಬೇಕು. ಒಂದು ಲೋಟದಷ್ಟು ಬಂದರೆ ಅದು ಸಾಮಾನ್ಯ ತೇವ. ಲೀಟರುಗಟ್ಟಲೆ ಬಂದರೆ ಸೋರಿಕೆ ಎಲ್ಲಿದೆ ಎಂದು ಹುಡುಕಬೇಕು. ಮೊದಲು ಬಿರಡೆಯ ರಬ್ಬರ್ ಉಂಗುರ ಬಿರುಕು ಬಿಟ್ಟಿದೆಯೋ ನೋಡಬೇಕು, ಇದು ಹತ್ತು ರೂಪಾಯಿಯ ವಸ್ತುವಾದರೂ ಹಲವು ಸಲ ಅಪರಾಧಿ ಇದೇ. ನಂತರ ಮಾಸ್ಟ್ ನಿಲ್ಲುವ ಗುಳಿಗೆ ಅಂಚಿನವರೆಗೆ ನೀರು ತುಂಬಿ, ಒಂದು ಗಂಟೆಯ ಬಳಿಕ ಮಟ್ಟ ಇಳಿದಿದೆಯೋ ನೋಡಬೇಕು. ಇಳಿದಿದ್ದರೆ ಗುಳಿಯ ಬುಡದಲ್ಲಿ ಬಿರುಕಿದೆ, ಅದು ದುರಸ್ತಿಯಾಗುವವರೆಗೆ ಆ ದೋಣಿಗೆ ಮಾಸ್ಟ್ ನಿಲ್ಲಿಸಬಾರದು. ಜೋರು ಗಾಳಿಯಲ್ಲಿ ಮಾಸ್ಟ್ ಗುಳಿಯನ್ನೇ ಸೀಳಿಕೊಂಡು ಬೀಳುತ್ತದೆ. ಗುಳಿ ಸರಿಯಿದ್ದರೆ ಡ್ಯಾಗರ್‌ಬೋರ್ಡಿನ ಪೆಟ್ಟಿಗೆಯ ಅಂಚು, ಕಾಲುಪಟ್ಟಿಯ ಸ್ಕ್ರೂಗಳು, ಒಡಲೂ ಮೇಲ್ಹೊದಿಕೆಯೂ ಕೂಡುವ ಗೆರೆ, ಇವುಗಳಿಗೆಲ್ಲ ಸೋಪಿನ ನೀರು ಬಳಿದು, ಬಿರಡೆಯ ತೂತಿಗೆ ಕೊಳವೆ ಸಿಕ್ಕಿಸಿ ಬಾಯಿಂದ ಊದಬೇಕು. ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಗಾಳಿ ತುಂಬಿದರೆ ಫೈಬರಿನ ಕೂಡುಗೆರೆಯೇ ಬಿಚ್ಚಿಕೊಳ್ಳುವ ಅಪಾಯವಿದೆ. ಗುಳ್ಳೆ ಎದ್ದ ಕಡೆ ಬಣ್ಣದ ಚಾಕ್‌ನಿಂದ ಸುತ್ತು ಹಾಕಿ, ಸ್ಕ್ರೂ ಬಿಚ್ಚಿ, ತೂತನ್ನು ಒಂದು ದಿನ ನೆರಳಿನಲ್ಲಿ ಒಣಗಲು ಬಿಟ್ಟು, ಸಿಲಿಕೋನ್ ಸೀಲೆಂಟ್ ಹಚ್ಚಿ ಮತ್ತೆ ಬಿಗಿಯಬೇಕು. ಸೀಲೆಂಟ್ ಗಟ್ಟಿಯಾದ ಮೇಲೆ ಅದೇ ಜಾಗಕ್ಕೆ ಸೋಪಿನ ನೀರು ಹಾಕಿ ಇನ್ನೊಮ್ಮೆ ಊದಿ ನೋಡಿ, ಗುಳ್ಳೆ ಬಾರದಿದ್ದರೆ ದೋಣಿಯನ್ನು ನೀರಿಗಿಳಿಸಿ ಹಗ್ಗ ಬಿಟ್ಟು ನೋಡುವ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.